ಉಸಿರಿನ ಗೀಟು

"ಹಿಂದ್ಯಾಕೆ ನಿಂತ್ರಿ ಮಾಮ? ಬನ್ನಿ ಮುಂದಕ್ಕೆ," ಎಂದು ಇಸ್ಹಾಕ್ ನಂಜುಂಡಯ್ಯನ ಮುಂಗೈ ಹಿಡಿದು ಜನರ ನಡುವೆ ಎಳೆದುಕೊಂಡೇ ಹೊರಟ. ನಂಜುಂಡಯ್ಯ ಇನ್ನೂ ಒಂದೇ ಚಪ್ಪಲಿ ಬಿಚ್ಚಿದ್ದ. ಇನ್ನೊಂದನ್ನು ಅಂಗಳದಲ್ಲೇ ಕಾಲಿನಿಂದ ಒದರಿ, ತಪ್ಪಿಸಿಕೊಳ್ಳಲು ದಾರಿ ಕಾಣದೆ, ಹೆಣದ ಮುಂದೆ ಹೋಗಿ ನಿಂತ.

ಬಿಳಿ ಬಟ್ಟೆಯಲ್ಲಿ ಹುಸೇನನ ಮುಖವೊಂದನ್ನು ಬಿಟ್ಟಿದ್ದರು. ನಲವತ್ತೆಂಟು ಸಾಯುವ ವಯಸ್ಸಲ್ಲ. ನಿನ್ನೆ ಸಂಜೆ ಜೀಪಿನ ರೇಡಿಯೇಟರಿಗೆ ನೀರು ಹಾಕುತ್ತಿದ್ದವನು ಎದೆ ಹಿಡಿದುಕೊಂಡು ಬಂಪರಿಗೆ ಒರಗಿ ಕೂತನಂತೆ. ಮತ್ತೆ ಏಳಲಿಲ್ಲ.

"ಅಪ್ಪಂಗೆ ಏನಾರ ಹೇಳೋದಿದ್ರೆ ಹೇಳ್ಬುಡಿ ಮಾಮ. ಆಮೇಲೆ ಮುಖ ಮುಚ್ಬುಡ್ತಾರೆ," ಎಂದ ಮಗ ಇಸ್ಹಾಕ್.

ಹೇಳುವುದಿತ್ತು. ಎರಡೂವರೆ ವರ್ಷದಿಂದ ಒಂದೇ ಒಂದು ಮಾತು ಹೇಳುವುದಿತ್ತು. ಹುಸೇನೂ, ಪೊಲೀಸರಿಗೆ ನಿನ್ನ ಮೇಲೆ ಮೂಗರ್ಜಿ ಬರೆದವನು ನಾನೇ ಕಣೋ. ಸಹಿಯಿಲ್ಲದ ಆ ಅರ್ಜಿ ಯಾರದೆಂದು ಲೋಕದಲ್ಲಿ ಒಬ್ಬರಿಗೂ ಗೊತ್ತಿಲ್ಲವೆಂದು ನಂಜುಂಡಯ್ಯ ನಂಬಿದ್ದ. ಈ ಗುರುವಾರ ಹೇಳಿ ಕಾಲು ಹಿಡಿದುಬಿಡೋಣ ಅಂದುಕೊಳ್ಳುವುದು, ಮುಂದಿನ ಗುರುವಾರಕ್ಕೆ ತಳ್ಳುವುದು, ಹೀಗೇ ನಡೆದಿತ್ತು. ಈಗ ಗುರುವಾರಗಳೆಲ್ಲ ಮುಗಿದಿದ್ದವು. ಬಾಯಿ ತೆರೆದ. ಸುತ್ತಲೂ ಜನ ನೋಡುತ್ತಿದ್ದರು.

"ಹೋಗಿ ಬಾ ಮಾರಾಯ," ಅಂದ. ಅಷ್ಟೇ. ಥೂ, ನಿನ್ನ ಜನ್ಮಕ್ಕಿಷ್ಟು, ಎಂದು ತನಗೆ ತಾನೇ ಬೈದುಕೊಂಡು ಹೊರಗೆ ಬಂದ.

ಹೊರಗೆ ವನಗೂರಿನ ಎಸ್ಟೇಟಿನ ಮೇಸ್ತ್ರಿ ಭೂತಯ್ಯ ಲೈನ್ ಮನೆಗಳ ಹೆಣ್ಣಾಳುಗಳನ್ನು ಕರೆದುಕೊಂಡು ಬಂದು ಗೋಡೆಯ ನೆರಳಿಗೆ ಕೂತಿದ್ದ. ಕಾಫಿ ಕೊಯ್ಲಿನ ಕಾಲ. ಆದರೂ ಆ ದಿನ ಒಬ್ಬರೂ ತೋಟಕ್ಕೆ ಇಳಿದಿರಲಿಲ್ಲ.

"ಎಂಥಾ ಗಂಟ್ಲು ರೈಟ್ರೇ ಅದು!" ಎಂದ ಭೂತಯ್ಯ. "ಆ ಪೊಲೀಸ್ನೋರು ಬಂದು ಹೋದ್ಮೇಲೆ ಒಂದೇ ಒಂದು ಹಾಡು ಹಾಡ್ಲಿಲ್ಲ ನೋಡಿ. ಗಂಟ್ಲು ಹೋಗ್ಬುಡ್ತು ಅಂತಿದ್ದ. ನಂಗೆ ನಂಬ್ಕೆ ಇಲ್ಲ. ಆ ಮೂಗರ್ಜಿ ಬರ್ದೋನ ಕೈ ಸೇದೋಗ!"

ನಂಜುಂಡಯ್ಯನ ಬಲಗೈ ತಾನಾಗಿ ಹೋಗಿ ಎಡಗೈಯನ್ನು ಹಿಡಿದುಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಗಂಟ್ಲಿಗೆ ನಿಜವಾಗ್ಲೂ ಏನೋ ಆಗಿತ್ತು ಕಣಯ್ಯ. ನಂಗೇ ಹೇಳಿದ್ದ," ಎಂದ. ಆ ಕೆಟ್ಟ ಗಂಟಲೊಂದೇ ಇಷ್ಟು ದಿನ ಅವನನ್ನು ಕಾಪಾಡಿತ್ತು. ಅರ್ಜಿ ಬರೆದದ್ದು ತಪ್ಪೇ, ಆದರೆ ಅದರಿಂದ ಏನೂ ಆಗಲಿಲ್ಲವಲ್ಲ, ಹಾಡು ನಿಂತದ್ದು ಬೇರೆ ಕಾರಣಕ್ಕೆ ತಾನೇ, ಎಂದು ಎಷ್ಟು ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದನೋ.

*

ಹುಸೇನ್ ಎಸ್ಟೇಟಿನ ಜೀಪ್ ಡ್ರೈವರ್. ನಂಜುಂಡಯ್ಯ ಅಲ್ಲಿಯ ರೈಟರ್, ಎಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಗುರುವಾರ ಗುರುವಾರ ಟಪಾಲು, ಸಾಮಾನು ತರಲು ಇಬ್ಬರೂ ಸಕಲೇಶಪುರಕ್ಕೆ ಇಳಿಯುತ್ತಿದ್ದರು. ಹುಸೇನ್ ದಾರಿಯುದ್ದಕ್ಕೂ ಹಾಡುವವನು. ನಂಜುಂಡಯ್ಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಕದ್ದು ಪದ ಕಟ್ಟುವವನು. ಒಂದು ದಿನ ನಾಚಿಕೆ ಬಿಟ್ಟು ಓದಿದ. ಹುಸೇನ್ ಏರಿನಲ್ಲೇ ಜೀಪು ನಿಲ್ಲಿಸಿಬಿಟ್ಟ.

"ರೈಟ್ರೇ, ಇಂಥದ್ನ ಮಡ್ಗಿಕೊಂಡು ಹತ್ತು ವರ್ಷದಿಂದ ಸುಮ್ನೆ ಕೂತಿದ್ರಲ್ಲ, ನಿಮಗೇನು ಬುದ್ಧಿ ಐತೇನ್ರೀ?"

ಆಮೇಲೆ ಅದೇ ಕೆಲಸವಾಯಿತು. ನಂಜುಂಡಯ್ಯ ಬರೆದುಕೊಟ್ಟ ಹಾಳೆ ಸ್ಟೀರಿಂಗಿನ ಮುಂದೆ. ಹುಸೇನ್ ಎಲ್ಲಿ ಉಸಿರು ಎಳೆಯಬೇಕೋ ಅಲ್ಲಿ ನಂಜುಂಡಯ್ಯ ಒಂದು ಓರೆ ಗೀಟು ಹಾಕುತ್ತಿದ್ದ. ಏರಿನಲ್ಲಿ ಗೇರ್ ಬದಲಾಯಿಸಿದಂತೆ ಅಲ್ಲಿ ಹಾಡು ಒಂದು ಚಣ ತಡೆದು ಮುಂದೆ ಹೋಗಬೇಕು. ಹುಸೇನನಿಗೆ ಒಪ್ಪಿಗೆಯಾಗದಿದ್ದರೆ ಕಿವಿಯ ಮೇಲಿನ ಕೆಂಪು ಪೆನ್ಸಿಲು ತೆಗೆದು ಆ ಗೀಟು ಹೊಡೆದು, ಮುಂದೆಯೋ ಹಿಂದೆಯೋ ತನ್ನದೊಂದು ಹಾಕುವನು.

"ನಿಮ್ ಗೀಟು ಕಣ್ಣಿಗೆ ಸರಿ ಕಣ್ರೀ, ಎದೆಗೆ ಸರಿಯಿಲ್ಲ," ಎಂದು ನಗುವನು. ನಂಜುಂಡಯ್ಯನಿಗೆ ಗೀಟು ಎಷ್ಟು ರೂಢಿಯಾಯಿತೆಂದರೆ ಊರಿಗೆ ಬರೆಯುವ ಕಾಗದದಲ್ಲೂ ಬಂದುಬಿಡುತ್ತಿತ್ತು. "ಇದೇನ್ರೀ, ಕಾಗದಕ್ಕೆಲ್ಲ ಕಡ್ಡಿ ಚುಚ್ಚಿದೀರ," ಎಂದು ಹೆಂಡತಿ ವಿಶಾಲಮ್ಮ ಕೇಳಿದ್ದಳು.

ಅರವತ್ತೆರಡರಲ್ಲಿ ಗಡಿಯಲ್ಲಿ ಯುದ್ಧ ಶುರುವಾದಾಗ ರೇಡಿಯೋದಲ್ಲಿ ಹುಸೇನ್ ಹಾಡಿದ.

ಹಿಮದ ಮ್ಯಾಲೆ ನಿಂತ ತಮ್ಮಾ,
ನಿನ್ನ ಪಾಲಿನ ರೊಟ್ಟಿ ಒಲೆಯ ಮುಂದೈತೆ.

ಎಸ್ಟೇಟಿನ ಸಾಹುಕಾರರು ರೇಡಿಯೋವನ್ನು ಸ್ಟೋರಿನ ಜಗಲಿಗೆ ತಂದಿಡಿಸಿದ್ದರು. ಹೆಣ್ಣಾಳುಗಳು ಸೊಂಟಕ್ಕೆ ಕಟ್ಟಿದ ಕಾಫಿ ಚೀಲ ಬಿಚ್ಚದೆ ನಿಂತು ಕೇಳಿದರು. ಅವರಲ್ಲೊಬ್ಬಳು, ದಂಡಿನಲ್ಲಿ ತನ್ನವರು ಯಾರೂ ಇಲ್ಲದ ಭೂತಮ್ಮ ಕೂಡ, ಕಣ್ಣೊರೆಸಿಕೊಂಡಳು. ಆ ಚಳಿಗಾಲ ಹುಸೇನ್ ಹೋದ ಕಡೆಯಲ್ಲೆಲ್ಲ ಹೆಂಗಸರು ಕಿವಿಯ ಓಲೆ ಬಿಚ್ಚಿ ದೇಶದ ನಿಧಿಗೆ ಕೊಟ್ಟರು. ಹೊಂಗಡಹಳ್ಳದಿಂದ ಆಲೂರಿನವರೆಗೆ ಅವನು 'ರೊಟ್ಟಿ ಹಾಡಿನ ಹುಸೇನ್ ಸಾಬ್ರು' ಆದ. ಹಾಡು ಕಟ್ಟಿದವರು ಯಾರು ಎಂದು ಯಾರೂ ಕೇಳಲಿಲ್ಲ. ಹಾಡು ಕೇಳಿದವರು ಅದನ್ನು ಕೇಳುವುದೂ ಇಲ್ಲ.

*

ಹುಸೇನನನ್ನು ಹೊತ್ತ ಜನಾಜಾ ಬೀದಿಗೆ ಬಂತು. ನಂಜುಂಡಯ್ಯ ಒತ್ತಾಗಿ ನಡೆಯುತ್ತಿದ್ದ. "ರೈಟ್ರು ಬಂದ್ರು, ಜಾಗ ಬಿಡ್ರಪ್ಪ," ಎಂದು ಯಾರೋ ತಮ್ಮ ಹೆಗಲು ತೆಗೆದರು. ಹೆಗಲು ಕೊಡದೆ ವಿಧಿಯಿರಲಿಲ್ಲ. ಮರದ ಹಿಡಿ ಹೆಗಲಿಗೆ ಕೂತಿತು. ಅಂಗಡಿಯವರು ಬಾಗಿಲು ಅರ್ಧ ಎಳೆದು ಎದ್ದು ನಿಂತಿದ್ದರು. "ಕೊನೇ ತನಕ ಹೆಗಲು ಕೊಟ್ಟ ನೋಡು, ಸ್ನೇಹ ಅಂದ್ರೆ ಅದು," ಎಂದು ಒಬ್ಬಾತ ಪಕ್ಕದವನಿಗೆ ಹೇಳಿದ್ದು ನಂಜುಂಡಯ್ಯನ ಕಿವಿಗೆ ಬಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಹುಸೇನನಿಗಿಂತ ಮೊದಲು ತಾನು ಇಳಿಯುತ್ತಿದ್ದ.

ಮಸೀದಿಯ ಮುಂದಿನ ಬಯಲಲ್ಲಿ ಇಳಿಸಿದರು. ನಮಾಜಿಗೆ ಸಾಲು ನಿಂತಿತು. ನಂಜುಂಡಯ್ಯ, ಭೂತಯ್ಯ, ಲೈನಿನ ಗಂಡಸರು ಒಂದು ಬದಿಗೆ ನಿಂತರು. ಆಗ ಇಸ್ಹಾಕ್ ಮುಂದೆ ಬಂದು ಎಲ್ಲರ ಕಡೆ ತಿರುಗಿದ. ಸತ್ತವರ ಪರವಾಗಿ ಮನೆಯವರು ಇಲ್ಲಿ ಒಂದು ಮಾತು ಕೇಳಬೇಕು. ಕೇಳಿದ ಮೇಲೇ ನಮಾಜು. ಮೊದಲು ತಮ್ಮ ಭಾಷೆಯಲ್ಲಿ ಹೇಳಿದ. ಆಮೇಲೆ ಬದಿಗಿದ್ದವರನ್ನು ನೋಡಿ ಕನ್ನಡದಲ್ಲಿ ಹೇಳಿದ.

"ನಮ್ಮಪ್ಪನಿಂದ ಯಾರಿಗಾದ್ರೂ ಮಾತಲ್ಲಿ, ನಡತೇಲಿ ನೋವಾಗಿದ್ರೆ ದಯಮಾಡಿ ಮಾಫ್ ಮಾಡ್ಬುಡಿ. ಅವ್ರ ದಾರಿ ಹಗುರ ಆಗ್ಲಿ."

"ಮಾಫ್, ಮಾಫ್," ಎಂದಿತು ಸಾಲು.

"ನಮಗೇನು ಮಾಡವ್ನೆ ಅಂತ ಮಾಫ್ ಮಾಡಾನಪ್ಪ," ಎಂದು ಭೂತಯ್ಯ ಅತ್ತೇಬಿಟ್ಟ. "ಆಯ್ತು ಕಣೋ, ಮಾಡಿದೀವಿ."

ಇಸ್ಹಾಕ್ ನಂಜುಂಡಯ್ಯನ ಮುಖ ನೋಡುತ್ತಿದ್ದ. ಹುಡುಗನಿಗೆ ಬೇಕಾಗಿದ್ದದ್ದು ಅಪ್ಪನ ಆಪ್ತನ ಬಾಯಿಂದ ಒಂದು ಮಾತು. ಇದೇ ಸಮಯ, ಹೇಳಿಬಿಡು, ಮಾಫಿ ಕೇಳಬೇಕಾದವನು ನಾನು ಎಂದು ಹೇಳು, ಎಂದು ನಂಜುಂಡಯ್ಯನ ಎದೆ ಬಡಿದುಕೊಂಡಿತು. ಎದೆ ಎಷ್ಟು ಬಡಿದುಕೊಂಡರೇನು.

"ಮಾಫ್ ಮಾಡಿದೀನಪ್ಪ," ಎಂದ ನಂಜುಂಡಯ್ಯ.

ಗಟ್ಟಿಯಾಗಿಯೇ ಹೇಳಿದ. ಎಲ್ಲರಿಗೂ ಕೇಳಿಸಿತು.

*

ಅರವತ್ತೈದರ ಆಗಸ್ಟ್ ಹದಿನೈದಕ್ಕೆ ಸಕಲೇಶಪುರದಲ್ಲಿ ಹುಸೇನನಿಗೆ ಸನ್ಮಾನ. ನಂಜುಂಡಯ್ಯ ಹೊಸ ಪಂಚೆ ಉಟ್ಟು ಮುಂದಿನ ಸಾಲಿನಲ್ಲಿ ಕೂತ. "ಡ್ರೈವರ್ ಜೊತೆ ಬಂದೋರು ಹಿಂದೆ ಕೂರ್ಬೇಕು," ಎಂದು ಒಬ್ಬ ಸ್ವಯಂಸೇವಕ ಎಬ್ಬಿಸಿದ. ವೇದಿಕೆಯ ಮೇಲೆ ಹುಸೇನ್ ಮೈಕನ್ನು ಹಿಂದೆ ಮುಂದೆ ಸರಿಸಿದ. ಹಾಡು ಬಿಟ್ಟು ಮೈಕಿನ ಮುಂದೆ ನಾಲ್ಕು ಮಾತು ಆಡಿದವನಲ್ಲ. ಸಾಹುಕಾರರನ್ನು ನೆನೆದ, ಓದು ಕಲಿಸಿದ ಮೇಷ್ಟ್ರನ್ನು ನೆನೆದ, ಜೀಪನ್ನು ಕೂಡ ನೆನೆದು ಜನರನ್ನು ನಗಿಸಿದ. ಶಾಲು ಹೊದ್ದು ಇಳಿದ.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಹಣೆ ಚಚ್ಚಿಕೊಂಡ. "ಅಯ್ಯಯ್ಯೋ, ನಿಮ್ ಹೆಸ್ರೇ ಮರ್ತ್‌ಬುಟ್ಟೆ ರೈಟ್ರೇ! ಹೊಡೀರಿ ನಂಗೆ."

"ಇರ್ಲಿ ಬಿಡೋ, ಅದ್ರಲ್ಲೇನೈತೆ," ಎಂದು ನಂಜುಂಡಯ್ಯ ನಕ್ಕ. ಜೀಪು ಮರೆಯಲಿಲ್ಲ, ನನ್ನನ್ನು ಮರೆತ. ಅದೊಂದೇ ಒಳಗೆ ಕೊರೆಯುತ್ತಿತ್ತು.

ಮುಂದಿನ ತಿಂಗಳೇ ಇನ್ನೊಂದು ಯುದ್ಧ ಬಂತು. ಊರ ತುಂಬ ಗುಸುಗುಸು. ಯಾರ ಮನೆಯಲ್ಲಿ ಯಾವ ರೇಡಿಯೋ, ಯಾರು ಏನು ಕೇಳುತ್ತಾರೆ. ಒಂದು ಮಧ್ಯಾಹ್ನ ಆಫೀಸಿನಲ್ಲಿ ಒಬ್ಬನೇ ಇದ್ದಾಗ ನಂಜುಂಡಯ್ಯ ಹಾಳೆ ಹರಿದು, ಅಕ್ಷರ ಗುರುತು ಸಿಗದಿರಲೆಂದು ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು, ಆ ಮೂಗರ್ಜಿ ಬರೆದ. ಹುಸೇನ್ ಶತ್ರುವಿನ ರೇಡಿಯೋ ಕೇಳಿದ್ದನ್ನು ಅವನು ಕಂಡಿದ್ದಿಲ್ಲ, ಕೇಳಿದ್ದಿಲ್ಲ. ಸುಳ್ಳೆಂದು ಗೊತ್ತಿದ್ದೇ ಬರೆದ. ಇನ್ನೂ ಹೇಸಿಗೆಯ ಮಾತೆಂದರೆ, ಬರೆದು ಮುಗಿಸಿ ಒಂದು ಸಾಲು ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿಕೊಂಡ. ಉಂಡ ಮನೆಗೆ ಎರಡು ಬಗೆಯುವವನಿಗೆ ಪ್ರಾಸವೂ ಬೇಕಾಯಿತು!

ಪೊಲೀಸರು ಬಂದರು. ಬೀದಿ ನೋಡುತ್ತಿದ್ದಂತೆ ಹುಸೇನನ ಮನೆಯೊಳಗೆ ಹೊಕ್ಕು ರೇಡಿಯೋ ತಿರುಗಿಸಿ ನೋಡಿದರು, ಅದರ ಲೈಸೆನ್ಸ್ ನೋಡಿದರು. ಸಬ್ಇನ್ಸ್‌ಪೆಕ್ಟರಿಗೇ ಮುಜುಗರ. ಚಹಾ ಕುಡಿದು ಹೋದರು.

"ಯಾರೋ ಬರ್ದವ್ರೆ," ಎಂದ ಹುಸೇನ್ ಆ ಗುರುವಾರ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಆ ಕಾಗ್ದ ನನ್ ಕೈಗೇ ಕೊಟ್ಟು, ಇಂಥವು ದಿನಾ ಬರ್ತವೆ, ಒಲೆಗೆ ಹಾಕಿ ಸಾಬ್ರೇ ಅಂದ್ರು. ಹಾಕ್ದೆ."

ನಂಜುಂಡಯ್ಯನಿಗೆ ಹೋದ ಜೀವ ಬಂತು.

ದೀಪಾವಳಿಗೆ ಹಾಡಲು ರೇಡಿಯೋದವರ ಕಾಗದ ಬಂತು. ಗಂಟಲು ಹೋಗಿದೆ ಎಂದು ಹುಸೇನ್ ಉತ್ತರ ಬರೆಸಿದ. ಆಮೇಲೆ ಬಂದ ಕಾಗದಗಳಿಗೂ ಅದೇ ಉತ್ತರ. ಒಮ್ಮೆ ನಂಜುಂಡಯ್ಯ ತಾನಾಗಿಯೇ ಹೊಸ ಪದ ಬರೆದು ಕೊಟ್ಟ. ಹುಸೇನ್ ಅದನ್ನು ಬಹಳ ಹೊತ್ತು ನೋಡಿ ಮಡಚಿ ಜೇಬಿಗಿಟ್ಟುಕೊಂಡ.

"ಗೀಟೆಲ್ಲ ಸರಿಯಾಗವೆ ರೈಟ್ರೇ. ಗಂಟ್ಲೇ ಇಲ್ಲ," ಎಂದ. ಮುಂದಿನ ಸೀಟು ಮಾತ್ರ ಕೊನೆಯ ಗುರುವಾರದವರೆಗೂ ನಂಜುಂಡಯ್ಯನಿಗೇ ಇತ್ತು.

*

ಖಬರಸ್ಥಾನದಲ್ಲಿ ಮೂರು ಹಿಡಿ ಮಣ್ಣು ಹಾಕಿ ಎಲ್ಲರೂ ಮನೆಗೆ ಬಂದರು. ನಂಜುಂಡಯ್ಯ ಬಾಗಿಲಲ್ಲೇ ಕೈಮುಗಿದು ಹೊರಡುವವನಿದ್ದ. ಒಳಗಿನಿಂದ, ಪರದೆಯ ಹಿಂದಿನಿಂದ, ಹುಸೇನನ ಹೆಂಡತಿ ಜೈನಾಬಿ ಕರೆದಳು.

"ಅಣ್ಣಾ, ಒಂದು ಚಣ ನಿಲ್ಲಿ. ಇದು ನಿಮ್ದು."

ಇಸ್ಹಾಕ್ ಒಂದು ಬಿಸ್ಕತ್ ಡಬ್ಬ ತಂದುಕೊಟ್ಟ. ಒಳಗೆ ಹಾಳೆಗಳು ಸರಬರ ಎಂದವು.

"ನಂಗೇನಾದ್ರೂ ಆದ್ರೆ ಇದು ರೈಟ್ರ ಕೈಗೇ ಹೋಗ್ಬೇಕು, ಬೇರೆ ಯಾರೂ ಬಿಚ್ಬಾರ್ದು ಅಂತ ಹೇಳಿದ್ರು," ಎಂದಳು ಜೈನಾಬಿ.

ನಂಜುಂಡಯ್ಯ ಡಬ್ಬದ ಮುಚ್ಚಳ ಒತ್ತಿ ಹಿಡಿದ. ಏನಾದರೂ ಹೇಳಬೇಕೆಂದು, "ಪಾಪ, ಗಂಟ್ಲೊಂದು ಸರಿಯಿದ್ದಿದ್ರೆ ತಂಗ್ಯವ್ವಾ..." ಎಂದ.

"ಗಂಟ್ಲಿಗೇನಾಗಿತ್ತಣ್ಣಾ?" ಪರದೆಯ ಹಿಂದೆ ಅವಳ ದನಿ ಒಡೆಯಿತು. "ಗಡ್ಡ ಕೆರೀತಾ ಗುನುಗ್ತಿದ್ರು. ಮೊಮ್ಮಗು ತೊಟ್ಲು ತೂಗ್ತಾ ಎಲ್ಲಾ ಹಾಡ್ತಿದ್ರು. ರೇಡಿಯೋಕ್ಕೆ ಯಾಕೆ ಹೋಗಲ್ಲ ಅಂದ್ರೆ, ಬರ್ದು ಕೊಡೋರು ಇಲ್ವೇ ಮಾರಾಯ್ತಿ ಅನ್ನೋರು. ನೀವಿದ್ರಲ್ಲ ಅಣ್ಣಾ. ಯಾಕೆ ಹಂಗಂದ್ರೋ."

ನಂಜುಂಡಯ್ಯ ಡಬ್ಬ ಎತ್ತಿಕೊಂಡು ಹೊರಟ.

ಎಸ್ಟೇಟಿನ ಜೀಪನ್ನು ಆ ದಿನ ಬೇರೆ ಯಾರೋ ಓಡಿಸುತ್ತಿದ್ದರು. ಹಿಂದೆ ಭೂತಯ್ಯ, ಭೂತಮ್ಮ, ಇನ್ನೂ ನಾಲ್ಕು ಹೆಂಗಸರು. ನಂಜುಂಡಯ್ಯನನ್ನು ಮುಂದೆಯೇ ಕೂರಿಸಿದರು. ಇಳಿಬಿಸಿಲು ಕಾಫಿ ಗಿಡಗಳ ಮೇಲೆ ಬಿದ್ದಿತ್ತು. ವನಗೂರಿನ ಏರು ಶುರುವಾದಾಗ ತಡೆಯಲಾರದೆ ಡಬ್ಬ ತೆರೆದ. ಮೇಲೆ ರೊಟ್ಟಿಯ ಹಾಡು. ಅದರ ಕೆಳಗೆ ಒಂದೊಂದೇ, ತನ್ನ ಅಕ್ಷರ, ತನ್ನ ಓರೆ ಗೀಟು, ಅಲ್ಲಲ್ಲಿ ಹುಸೇನನ ಕೆಂಪು ಪೆನ್ಸಿಲು.

ಎಲ್ಲಕ್ಕಿಂತ ಅಡಿಯಲ್ಲಿ, ಉಳಿದ ಹಾಳೆಗಳ ಹಾಗೇ ನಾಲ್ಕು ಮಡಿಕೆ ಮಾಡಿದ ಇನ್ನೊಂದು ಹಾಳೆ ಇತ್ತು. ಬಿಡಿಸಿದ. ಎಡಗೈಯ ಸೊಟ್ಟ ಅಕ್ಷರ. ಒಲೆಗೆ ಹಾಕಿದೆ ಎಂದು ಹುಸೇನ್ ಹೇಳಿದ್ದ ಅದೇ ಕಾಗದ.

*ಈತನ ಬಾಯಲ್ಲಿ ನಮ್ಮ ದೇಶ / ಕಿವಿಯಲ್ಲಿ ಮಾತ್ರ / ಶತ್ರುವಿನ ದೇಶ /*

ಅಕ್ಷರ ಮರೆಸಿದ್ದ. ಗೀಟು ಮರೆಸುವುದು ನೆನಪಿಗೇ ಬಂದಿರಲಿಲ್ಲ. ಒಂದೊಂದು ಸಾಲಿನಲ್ಲೂ, ಹುಸೇನನಿಗೇ ಬರೆದುಕೊಟ್ಟಂತೆ, ಉಸಿರಿನ ಗೀಟುಗಳು ನಿಂತಿದ್ದವು. 'ಮಾತ್ರ' ಆದ ಮೇಲಿನ ಗೀಟನ್ನು ಹುಸೇನ್ ಕೆಂಪು ಪೆನ್ಸಿಲಿನಿಂದ ಹೊಡೆದು, 'ಕಿವಿಯಲ್ಲಿ' ಆದ ಮೇಲೆ ತನ್ನದೊಂದು ಹಾಕಿದ್ದ.

"ಅದ್ಯಾವ ಹಾಡು ರೈಟ್ರೇ?" ಹಿಂದಿನಿಂದ ಭೂತಮ್ಮ ಕತ್ತು ಚಾಚಿದಳು. "ಸಾಬ್ರ ಕೆಂಪು ಬರಹ ಕಾಣ್ತೈತೆ. ಒಸಿ ಓದಿ, ಕೇಳಾನ."

"ಹೂಂ ಕಣ್ರೀ, ಓದಿ," ಎಂದ ಭೂತಯ್ಯ. "ಏಯ್, ಸುಮ್ಕಿರ್ರೇ ಎಲ್ಲಾ. ರೈಟ್ರು ಓದ್ತವ್ರೆ."

ಹೆಂಗಸರು ಮಾತು ನಿಲ್ಲಿಸಿದರು. ಜೀಪು ಏರಿನಲ್ಲಿ ಗೇರ್ ಬದಲಾಯಿಸಿತು. ನಂಜುಂಡಯ್ಯ ಎರಡೂ ಕೈಯಲ್ಲಿ ಹಾಳೆ ಹಿಡಿದುಕೊಂಡು ಕೂತಿದ್ದ. ಹಿಂದೆ ಎಲ್ಲರೂ ಕಾಯುತ್ತಿದ್ದರು.