ಅಳಿಯ ಹೇಳದ ಹಡಗು

ಹೆಣ್ಣು ಕೊಡುವ ಮೊದಲು ಹುಡುಗನ ಉದ್ಯೋಗವನ್ನು ನಾಲ್ಕು ಜನರ ಎದುರಿಗೆ ಕೇಳುವುದು ನಮ್ಮಲ್ಲಿ ಪದ್ಧತಿ. 1998ರಲ್ಲಿ ಸವದತ್ತಿಯ ನಮ್ಮ ಪಡಸಾಲೆಯಲ್ಲಿ ನಾನೂ ಕೇಳಿದೆ. ಮನೋಳಿಯ ಸಿದ್ಧಾರೂಢ, "ವಿಶಾಖಪಟ್ಟಣದಾಗ ಹಡಗಿಗೆ ವೆಲ್ಡಿಂಗ್ ಮಾಡತೇನ್ರಿ" ಎಂದ. ಯಾವ ಹಡಗು ಎಂದರೆ, "ಅದನ್ನ ಹೇಳಾಕ ಬರಂಗಿಲ್ರಿ." ಹುಡುಗನಿಗೆ ಸಂಕೋಚವಿರಬೇಕು ಎಂದುಕೊಂಡು ಮಗಳು ಶೈಲಶ್ರೀಯನ್ನು ಕೊಟ್ಟೆ.

ಹನ್ನೊಂದು ವರ್ಷವಾದರೂ ಅದೇ ಉತ್ತರ. ನಾನು ಹತ್ತಿ ವ್ಯಾಪಾರಿ, ಅರಳೆಯನ್ನು ಬೆರಳಲ್ಲಿ ಎಳೆದು ನೋಡದೆ ಬೆಲೆ ಹೇಳುವವನಲ್ಲ. ಬೈಲಹೊಂಗಲ ಪೇಟೆಯಲ್ಲಿ ನನ್ನ ಜೊತೆಯ ವ್ಯಾಪಾರಿ ಮಹಾಂತಪ್ಪ ಕಂಡಾಗಲೆಲ್ಲ, "ಏನ್ರಿ ನಿಜಗುಣಪ್ಪಾರ, ಅಳಿಯಾರ ಹಡಗ ಇನ್ನೂ ಮುಗೀಲಿಲ್ಲೇನ್ರಿ?" ಎಂದು ಕಾಲೆಳೆಯುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು. ಅಳಿಯನಿಗೆ ಕೆಲಸವೇ ಇಲ್ಲ, ಇಲ್ಲವೇ ಮಾಡಬಾರದ ಕೆಲಸ ಮಾಡುತ್ತಾನೆ ಎಂದು ತೀರ್ಮಾನಿಸಿಬಿಟ್ಟೆ.

2009ರ ಪಂಚಮಿಗೆ ಮಗಳನ್ನು ಕರೆಯಲು ವಿಶಾಖಪಟ್ಟಣಕ್ಕೆ ಹೋದಾಗ ಅವನ ಮುಖಕ್ಕೇ ಹೇಳಿದೆ: "ನೀವು ಖರೇ ಹೇಳೂತನಕ ಈಕಿನ್ನ ವಾಪಸ್ ಕಳಸಂಗಿಲ್ಲ." ಅವನು ಆಕೆಯ ಚೀಲ ಹೊತ್ತು ಸ್ಟೇಷನ್ನಿಗೆ ಬಂದ. ಬಾಯಿ ಮಾತ್ರ ಬಿಡಲಿಲ್ಲ.

"ನನಗೂ ಹೇಳಿಲ್ಲಪ್ಪಾ," ರೈಲಿನಲ್ಲಿ ಮಗಳು ಅಂದಳು. "ಕೇಳೂದ ಬಿಟ್ಟೇನಿ."

ಪಂಚಮಿಯ ದಿನ ಮಧ್ಯಾಹ್ನ ಶೇಂಗಾ ಉಂಡಿ ತಿನ್ನುತ್ತ ಟಿವಿ ಹಚ್ಚಿದೆ. ವಿಶಾಖಪಟ್ಟಣದಲ್ಲಿ ನಮ್ಮ ದೇಶವೇ ಕಟ್ಟಿದ ಮೊದಲ ಅಣುಶಕ್ತಿ ಜಲಾಂತರ್ಗಾಮಿಯನ್ನು ನೀರಿಗಿಳಿಸಿದರಂತೆ. ಇಷ್ಟು ವರ್ಷ ಗುಟ್ಟಾಗಿ ಕಟ್ಟಿದರಂತೆ. ಉಳಿದ ಜಲಾಂತರ್ಗಾಮಿಗಳು ಕೆರೆಯಲ್ಲಿ ಬಿದ್ದ ಎಮ್ಮೆಯ ಹಾಗೆ ಆಗಾಗ ಉಸಿರಿಗೆ ಮೇಲೆ ಬರಬೇಕು. ಇದು ತಿಂಗಳುಗಟ್ಟಲೆ ನೀರಿನಡಿಯೇ ಇರಬಲ್ಲದು. ಸುತ್ತಲೂ ಕಡಲಿನ ಭಾರ, ಒಳಗೆ ಜೀವಂತ ಜನ, ನಡುವೆ ಯಾರೋ ಹಾಕಿದ ಬೆಸುಗೆ. ಅದು ಕೂದಲೆಳೆಯಷ್ಟು ಬಿಟ್ಟರೂ ಎಲ್ಲ ಮುಗಿಯಿತು.

ಉಂಡಿ ಕೈಯಲ್ಲೇ ಉಳಿಯಿತು. ಜೋಕಾಲಿ ಬಿಟ್ಟು ಬಂದ ಶೈಲಶ್ರೀ ಬಾಗಿಲಲ್ಲಿ ನಿಂತು ಟಿವಿಯನ್ನೇ ನೋಡುತ್ತಿದ್ದಳು. ನನ್ನ ಮೈಮೇಲೆ ಮುಳ್ಳೆದ್ದವು. ಇಷ್ಟು ದೊಡ್ಡದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಮನುಷ್ಯ ನನ್ನ ಚುಚ್ಚುಮಾತು ಕೇಳುತ್ತ, ನನ್ನ ಮನೆಯಲ್ಲೇ ಕೂತು ಹೋಳಿಗೆ ಉಂಡಿದ್ದನಲ್ಲ.

ಸಂಜೆ ಅವನ ಫೋನು ಬಂತು. ನಾನೇ ಎತ್ತಿದೆ.

"ಅಳಿಯಾರ, ಟಿವಿ ನೋಡಿದ್ನಿ. ನಿಮ್ಮ ಹಡಗ ಅದ ಏನ್ರಿ?"

"ಅದನ್ನ ಬಿಡ್ರಿ ಮಾವಾರ." ದನಿ ನಡುಗುತ್ತಿತ್ತು. "ಶೈಲಾನ್ನ ಕಳಸ್ತೀರಿಲ್ರಿ?"

ಕಡಲನ್ನೇ ತಡೆದು ನಿಲ್ಲಿಸಿದವನು ನನಗೆ ಅಂಜಿದ್ದ. ನನಗೆ ನಾಚಿಕೆಯಾಯಿತು.

"ನಾನ ಕರಕೊಂಡ ಬರತೇನ್ರಿ," ಎಂದೆ.