ಹಂಡೆ ಒಂದೋ, ಮೂರೋ

ಲೋಕದಲ್ಲಿ ತೀರ್ಮಾನವಾಗದೆ ಉಳಿದ ಪ್ರಶ್ನೆಗಳು ಬಹಳ. ಅವುಗಳಲ್ಲೆಲ್ಲ ಘನವಾದದ್ದು ಆ ಗುರುವಾರ ಬೆಳಿಗ್ಗೆ ಚಿಂಬಲಾಂಗದ ಊರಗೌಡನ ಉಗ್ರಾಣದ ಬಾಗಿಲಲ್ಲಿ ಎದ್ದು ನಿಂತಿತ್ತು: ಹಂಡೆ ಒಂದೋ, ಮೂರೋ?

ಸಾವಿನ ಅಡುಗೆಗೆಂದು ಇಟ್ಟಿದ್ದ ಊರಿನ ಮೂರು ಹಂಡೆಗಳಲ್ಲಿ ಒಂದನ್ನು ಬಿನ್ವೆಲ್ ಆಗಲೇ ಅರ್ಧ ಹೊರಗೆಳೆದಿದ್ದ. ಸತ್ತವಳು ಅವನ ಅಕ್ಕ ಎಸಿನಾತಿ. ಆದ್ದರಿಂದ ಊರ ರೂಢಿಯಂತೆ ಸಾವಿನ ಮನೆಯ ಯಜಮಾನಿಕೆ ಅವನದು.

“ಒಂದು ಸಾಕು ಕಣಮ್ಮ,” ಎಂದ ಅಕ್ಕನ ಮಗಳು ತಿಯಾಮಿಕೆಗೆ. “ಮೂರು ತಗೊಂಡ್ಹೋಗಿ ಎರಡು ಬೋರಲು ಬಿದ್ದಿದ್ರೆ ನೋಡ್ದೋರು ನಗಲ್ವಾ?”

“ಒಂದೇ ತಗೊಂಡ್ಹೋಗಿ ಜನ ಬಂದ್ಬಿಟ್ರೆ, ಮಾವ?”

“ಯಾರು ಬರ್ತಾರೆ? ನಿಮ್ಮಮ್ಮ ಯಾರ ಸಾವಿಗೆ ಹೋಗಿದ್ಲು, ಹೇಳು.”

ಊರಿನ ನಿಯಮ ಸರಳ. ಸಾವಿನ ಮನೆಗೆ ಹೆಂಗಸರು ಮೆಕ್ಕೆಜೋಳದ ಹಿಟ್ಟಿನ ಬೋಗುಣಿ ಹೊತ್ತು ಬರುತ್ತಾರೆ, ನೀರು ತರುತ್ತಾರೆ, ಮುದ್ದೆ ತೊಳಸುತ್ತಾರೆ. ಬಂದವಳ ಮನೆಗೆ ಬರುತ್ತಾರೆ. ಬಾರದವಳ ಮನೆಗೆ ಬರುವುದಿಲ್ಲ. ಹೆಂಗಸರು ಬರದಿದ್ದರೆ ಅಡುಗೆಯಿಲ್ಲ. ಅಡುಗೆಯಿಲ್ಲದಿದ್ದರೆ ಗುಂಡಿ ತೋಡುವವರು ಗುದ್ದಲಿ ಕೆಳಗಿಡುತ್ತಾರೆ. ಅವರನ್ನು ‘ಮೊಮ್ಮಕ್ಕಳು’ ಎನ್ನುವುದು ವಾಡಿಕೆ. ಅರವತ್ತು ದಾಟಿದವರೂ ಅವರಲ್ಲಿದ್ದರು, ಆದರೆ ಹಟ ಮಾಡುವುದರಲ್ಲಿ ಯಾರೂ ಹೆಸರು ಕೆಡಿಸಿದವರಲ್ಲ.

ಒಂದೇ ಹಂಡೆ ಹೊರಟಿತು.

*

ಎಸಿನಾತಿಗೆ ಇಪ್ಪತ್ತೆಂಟರಲ್ಲಿ ಮೂರು ತಿಂಗಳ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಹೋಗುವಾಗ ಮೈಯ ಕಸುವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ರಾಜಧಾನಿ ಲಿಲೊಂಗ್ವೆಯ ಆಸ್ಪತ್ರೆಯವರು ಎರಡು ಸಲ ರಕ್ತ ನೋಡಿ ಚೆನ್ನಾಗಿದೆ ಎಂದು ಸಂತೋಷಪಟ್ಟರು. ಊರು ಸೋಮಾರಿತನ ಎಂದಿತು. ಗಂಡ ಎರಡು ವರ್ಷ ಕಾದು ನೋಡಿ, ಒನಕೆ ಎತ್ತಬಲ್ಲ ಹೆಂಗಸೊಬ್ಬಳ ಊರಿಗೆ ಹೊರಟುಹೋದ.

ಆಮೇಲೆ ಅವಳಿಗೆ ದಾರಿ ತೋರಿಸಿದ್ದು ಬೇಸಗೆಯಲ್ಲಿ ಜೌಗಿನಲ್ಲಿ ತೋಡುವ ಒರತೆ. “ಎರಡು ಬಿಂದಿಗೆ ತೆಗೆದ್ಮೇಲೆ ಕಾಯ್ಬೇಕು ಮಗಳೇ,” ಎನ್ನುತ್ತಿದ್ದಳು. “ಇನ್ನೊಂದು ಸಿಗುತ್ತೆ ಅಂತ ತಳ ಗೀರಿದ್ರೆ ಮೂರು ದಿನ ಬರೀ ಕೆಸರು.” ಒಂದು ದಿನ ಅರ್ಧ ಮೊರ ಕೇರಿದರೆ ಮರುದಿನ ಮಲಗುವಳು. ಮೈ ಹಗುರಾದ ದಿನವೇ ಅವಳಿಗೆ ಹೆಚ್ಚು ಹೆದರಿಕೆ. ಅಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವಳು, ಎಲ್ಲಿ ಕೆಲಸಕ್ಕೆ ಓಡಿಬಿಡುತ್ತವೋ ಎಂಬಂತೆ.

ಒಂದೇ ಸಲ ತನ್ನ ಈ ನಿಯಮ ಮುರಿದಳು. ಊರಗೌಡನ ತಾಯಿ ಸತ್ತಾಗ ನಾಚಿಕೆಗೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ಜೋಳ ಕುಟ್ಟಿದಳು. ಆಮೇಲೆ ಇಪ್ಪತ್ತೊಂದು ದಿನ ತಿಯಾಮಿಕೆ ಚಮಚದಲ್ಲಿ ಗಂಜಿ ಕುಡಿಸಬೇಕಾಯಿತು.

ಅಲ್ಲಿಂದಾಚೆ ಸಾವಿನ ಮನೆಗಳಿಗೆ ಆಗ ಹದಿನಾಲ್ಕರವಳಾಗಿದ್ದ ತಿಯಾಮಿಕೆಯೇ ಹೋದಳು. ಅಡುಗೆಯ ಹೆಂಗಸರಿಗೆ ಮುಂದಾಳು ನಾಫಿರಿ; ಮುದ್ದೆಯ ಕೋಲಿಗಿಂತ ನಾಲಿಗೆ ಗಟ್ಟಿ. “ಮಗಳನ್ನ ಕಳಿಸಿದ್ಳಾ ಮಹಾರಾಣಿ? ಬಿಡು, ಅವಳು ಸತ್ತಾಗ ಅವಳೇ ಎದ್ದು ಬಂದು ತೊಳಸ್ಲಿ!” ಎಂದಿದ್ದಳು. ಅಂದು ನಗದೆ ಇದ್ದವರನ್ನು ತಿಯಾಮಿಕೆ ನೆನಪಿಡಬೇಕೆಂದಿದ್ದಳು. ಯಾರೂ ಇರಲಿಲ್ಲ.

ಅದಕ್ಕಿಂತ ಉರಿಯುತ್ತಿದ್ದದ್ದು ಬೇರೆ. ಇದೇ ಅಮ್ಮ ಆಗೊಮ್ಮೆ ಈಗೊಮ್ಮೆ ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಎಲ್ಲಿಗೋ ಹೋಗಿ, ಸಂಜೆ ಕಾಲೆಳೆದುಕೊಂಡು ಬರುತ್ತಿದ್ದಳು.

“ಸಾವಿಗೆ ಹೋಗೋಕೆ ಕಾಲಿಲ್ಲ, ತಿರುಗೋಕೆ ಇದೆ,” ಎಂದು ಹೋದ ತಿಂಗಳೂ ತಿಯಾಮಿಕೆ ಅಂದಿದ್ದಳು.

“ಅಲ್ಲಿ ನೆರಳು ಚೆನ್ನಾಗಿದೆ,” ಎಂದಿದ್ದಳು ಅಮ್ಮ.

*

ಬಿಸಿಲೇರಿದರೂ ಹಂಡೆಯ ನೀರು ಬಿಸಿಯಾಗಿರಲಿಲ್ಲ. ಒಲೆಯ ಮುಂದೆ ಇಬ್ಬರೇ ಮುದುಕಿಯರು. ಇಬ್ಬರೂ ಸಂಬಂಧಿಕರು, ಬರದೆ ವಿಧಿಯಿಲ್ಲದವರು. ಸ್ಮಶಾನದಿಂದ ಮೊಮ್ಮಕ್ಕಳು ಹೇಳಿಕಳಿಸಿದ್ದರು: ನೆಲ ಗಟ್ಟಿಯಾಗಿದೆ, ಊಟ ಎಲ್ಲಿ?

“ನೆಲ ಗಟ್ಟಿಯಂತೆ!” ಎಂದ ಬಿನ್ವೆಲ್. “ಹೊಟ್ಟೆ ತುಂಬಿದ್ರೆ ಮೆತ್ತಗಾಗುತ್ತೆ.”

ತಿಯಾಮಿಕೆ ದಾರಿ ನೋಡುತ್ತಿದ್ದಳು. ಅಮ್ಮನ ಆರೈಕೆಯಲ್ಲಿ ಎರಡು ರಾತ್ರಿ, ಹೆಣದ ಬಳಿ ಒಂದು, ಕಣ್ಣು ಮುಚ್ಚಿರಲಿಲ್ಲ. ಸಂಜೆಯಾದರೂ ಅಮ್ಮ ಮಣ್ಣು ಸೇರದೆ ಉಳಿದರೆ? ಇಬ್ಬರು ಮುದುಕಿಯರು, ಒಂದು ಹಂಡೆ, ಒಂದು ಶವಪೆಟ್ಟಿಗೆ. ನೋಡಿದವರು ಊರೂರಲ್ಲಿ ಹೇಳುತ್ತಾರೆ.

ಗೆದ್ದಲ ಹುತ್ತದ ತಿರುವಿನಲ್ಲಿ ಒಂದು ಬೋಗುಣಿ ಕಾಣಿಸಿತು. ಅದರ ಕೆಳಗೆ ನಾಫಿರಿ. ಹಿಂದೆ ಇನ್ನೊಂದು ಬೋಗುಣಿ, ಮತ್ತೊಂದು. ತಿರುವು ಮುಗಿದರೂ ಸಾಲು ಮುಗಿಯಲಿಲ್ಲ.

ನಾಫಿರಿ ಹಿಟ್ಟನ್ನಿಳಿಸಿ ಒಲೆಯ ಕಡೆ ನೋಡಿದಳು. “ಒಂದೇ ಹಂಡೆನಾ? ಬಿನ್ವೆಲ್, ಸತ್ತಿರೋದು ನಿಮ್ಮಕ್ಕನಾ, ನಿಮ್ಮನೆ ಕೋಳಿನಾ?”

ತಿಯಾಮಿಕೆ ಒಲೆಯ ಬಳಿಗೆ ಬಂದಳು. “ಚಿಕ್ಕಮ್ಮ, ಅವಳೇ ಎದ್ದು ತೊಳಸ್ಲಿ ಅಂದಿದ್ರಿ.”

“ಅಂದಿದ್ದೆ. ಆಮೇಲೆ ನನ್ನ ಗಂಡ ಸತ್ತ.” ನಾಫಿರಿ ಸೆರಗಿನಂತೆ ಸುತ್ತಿದ್ದ ಬಟ್ಟೆಯನ್ನು ಬಿಗಿ ಮಾಡಿಕೊಂಡು ಕುಕ್ಕರಿಸಿದಳು. “ಐದು ದಿನ ಮನೆ ತುಂಬ ಜನ. ಅತ್ರು, ಹಾಡಿದ್ರು, ಸಮಾಧಾನ ಹೇಳಿದ್ರು, ಒಬ್ರೂ ಬಾಯಿ ಮುಚ್ಚಲಿಲ್ಲ. ಆರನೇ ದಿನ ಎಲ್ರೂ ಹೋದ್ರು. ಆಗ ಬಂದ್ಲು ನಿಮ್ಮಮ್ಮ, ಚಾಪೆ ಹಿಡ್ಕೊಂಡು.”

“ಏನಂದ್ಲು?”

“ಅನ್ನೋದೇನು? ಚಾಪೆ ಹಾಸಿ ಮಲಗ್ಬಿಟ್ಲು. ನಡೆದು ಬಂದಿದ್ದಕ್ಕೇ ಸುಸ್ತು. ಸಾವಿನ ಮನೇಲಿ ಗೊರಕೆ ಹೊಡೀತಾಳಲ್ಲ ಅಂತ ನಂಗೆ ಮೈಯೆಲ್ಲ ಉರೀತು. ಎದ್ದ ತಕ್ಷಣ ಬೈಯೋಣ ಅಂತ ಪಕ್ಕದಲ್ಲೇ ಕೂತೆ. ನಾನು ಕಣ್ಣು ಬಿಟ್ಟಾಗ ಸಂಜೆ. ಆರು ದಿನಕ್ಕೆ ಮೊದಲ ನಿದ್ದೆ, ತಿಳ್ಕೋ.”

ಬೋಗುಣಿ ಇಳಿಸುತ್ತಿದ್ದ ನೆರೆಮನೆಯ ನಾಬಂಡಾ ತಿರುಗಿದಳು. “ನಿಮ್ಮನೇಗೂ ಬಂದಿದ್ಲಾ? ನನ್ನ ಕೂಸು ಹೋದಾಗ ಬಂದಿದ್ಲು. ನಮ್ಮನೇಗೆ ಮಾತ್ರ ಅಂದ್ಕೊಂಡಿದ್ದೆ.”

“ನಮ್ಮಲ್ಲಿ ಎರಡು ಸಲ,” ಎಂದಿತು ಹಿಂದಿನಿಂದ ಒಂದು ದನಿ, ಸ್ವಲ್ಪ ಜಂಬದಿಂದ.

ಅಂಗಳದಲ್ಲಿ ಸಣ್ಣ ಅಸಮಾಧಾನ ಸುಳಿಯಿತು. ತನಗೊಬ್ಬಳಿಗೇ ಸಿಕ್ಕಿದ್ದು ಊರಿಗೆಲ್ಲ ಹಂಚಿಹೋಗಿದೆಯೆಂದು ತಿಳಿದಾಗ ಆಗುವಂಥದು.

“ಯಾರೂ ಯಾಕೆ ಹೇಳ್ಲಿಲ್ಲ?” ಎಂದಳು ತಿಯಾಮಿಕೆ.

“ಗಂಡ ಸತ್ತ ವಾರಕ್ಕೇ ಕಾಲು ಚಾಚಿ ನಿದ್ದೆ ಹೊಡ್ದೆ ಅಂತ ಯಾವಳಾದ್ರೂ ಹೇಳ್ಕೊಂಡು ತಿರುಗ್ತಾಳೇನೇ?”

ಬಿನ್ವೆಲ್ ಅಷ್ಟರಲ್ಲಿ ಉಗ್ರಾಣದ ಕಡೆ ಓಡುತ್ತಿದ್ದ. ನಾಫಿರಿ ತಿಯಾಮಿಕೆಯ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದಳು. “ಯಾವಾಗ ಮಲಗಿದ್ದು ನೀನು?”

“ನೀರು ತರ್ಬೇಕು, ಚಿಕ್ಕಮ್ಮ. ಮೊಮ್ಮಕ್ಕಳು ಆಗಲೇ—”

“ಮೊಮ್ಮಕ್ಕಳನ್ನ ನಾನು ನೋಡ್ಕೋತೀನಿ. ಚಾಪೆ ಎಲ್ಲಿದೆ?”

ಬಾಗಿಲ ಹಿಂದೆ ಇತ್ತು. ಒಂದು ಅಂಚು ಸವೆದು, ನಡುವೆ ಒಬ್ಬಳ ಅಳತೆಗೆ ತಗ್ಗಾಗಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಹಾಡುತ್ತಿದ್ದವರಿಗೆ ನಾಫಿರಿ ಮೆಲ್ಲಗೆ ಹಾಡಿ ಎಂದು ಗದರಿ, ಅದನ್ನು ಹಾಸಿದಳು.

ಅಂದು ಐದು ಹಂಡೆ ಬೇಕಾದವು. ಎರಡನ್ನು ಪಕ್ಕದ ಊರಿನಿಂದ ತಂದರು. ಮೊಮ್ಮಕ್ಕಳು ಎರಡೆರಡು ಸಲ ಬಡಿಸಿಕೊಂಡು ಹೊತ್ತಿಗೆ ಮುಂಚೆಯೇ ಗುಂಡಿ ಮುಗಿಸಿದರು. ತಿಯಾಮಿಕೆಯ ಪಾಲಿನ ಮುದ್ದೆ ಹೊಸ್ತಿಲ ಬಳಿ ತಟ್ಟೆಯಲ್ಲಿ ತಣ್ಣಗಾಯಿತು. ಪೆಟ್ಟಿಗೆ ಎತ್ತುವ ತನಕ ಅವಳನ್ನು ಯಾರೂ ಎಬ್ಬಿಸಲಿಲ್ಲ.