ಮಾಪಣ್ಣನ ಸ್ಲ್ಯಾಬೂ ಬೇಲಾಪುರದ ಮೋಡವೂ

ಬೇಲಾಪುರದ ಗುಡ್ಡಕ್ಕೆ ಬಂದ ಕರಿಮೋಡವನ್ನು ನಾನು ಹೆಗಲ ಮೇಲಿನ ಬೈರಾಸಿನಿಂದ ಬೆಳಗಿನಿಂದ ಸಂಜೆಯವರೆಗೆ ಕಟ್ಟಿಹಾಕಿದ್ದೆ. ಸುಳ್ಳಲ್ಲ! ಅದು ಕೊಸರಾಡಿದ ರಭಸಕ್ಕೆ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ರಾಡುಗಳೆಲ್ಲ ಡೊಂಕಾದವು. ನಾನು ದೇಜಪ್ಪ, ಗುಡ್ಡದ ಬುಡದಲ್ಲಿ ಕ್ಯಾಂಟೀನ್ ಇಟ್ಟವನು. ನನ್ನ ಇಡ್ಲಿ ತಿಂದವರು ಲೋಕಲ್ ಟ್ರೇನಿನ ಜೊತೆ ಓಡಿ ಗೆಲ್ಲುತ್ತಾರೆ.

ಮೋಡ ಕಟ್ಟಿದ್ದು ಮಾಪಣ್ಣನ ಸ್ಲ್ಯಾಬಿಗಾಗಿ.

2018ರ ಜುಲೈ. ವಿಜಯಪುರದ ಕಡೆಯ ಮಾಪಣ್ಣ ಇಪ್ಪತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದು, ಮೊದಲ ಸಲ ತನ್ನ ಹೆಸರಿನಲ್ಲೇ ಒಂದು ಮನೆ ಕಟ್ಟುವ ಗುತ್ತಿಗೆ ಹಿಡಿದಿದ್ದ. ತಾರಸಿಗೆ ಹಲಗೆ, ಕಂಬ ಕೊಟ್ಟು ಸೆಂಟ್ರಿಂಗ್ ಮುಗಿದಿತ್ತು. ಭಾನುವಾರ ಬೆಳಿಗ್ಗೆ ಸ್ಲ್ಯಾಬ್ ಹಾಕುವುದೆಂದು ಮೂವತ್ತು ಆಳುಗಳಿಗೆ ಹೇಳಿಯೂ ಆಗಿತ್ತು. ಇದು ಕೆಟ್ಟರೆ ಅವನಿಗೆ ಎರಡನೇ ಗುತ್ತಿಗೆ ಕೊಡುವವರಿಲ್ಲ.

ಶನಿವಾರ ಸಂಜೆ ಅವನೂ ಹೆಂಡತಿ ಮಾನಮ್ಮನೂ ಚಹಾಕ್ಕೆ ಬಂದರು. ನನ್ನ ಹೆಂಡತಿ ರತ್ನಾವತಿ ಶಾಲೆಯಲ್ಲಿ ಭೂಗೋಳ ಕಲಿಸುವವಳು. ಮೊಬೈಲಿನಿಂದ ತಲೆ ಎತ್ತಿ ಕೇಳಿದಳು:

“ಮಾಪಣ್ಣ, ನಾಳೆಯೇ ಹಾಕುವುದಾ? ಹವಾಮಾನ ಇಲಾಖೆ ನಮ್ಮ ಥಾಣೆ ಜಿಲ್ಲೆಗೆ ಕಿತ್ತಳೆ ಬಣ್ಣ ಕೊಟ್ಟಿದೆ ಮಾರಾಯ. ಜೋರು ಮಳೆ ಉಂಟಂತೆ.”

“ಏ ಬಿಡ್ರಿ ಅಕ್ಕಾರ! ಮೋಡ ನೋಡ್ರಿ, ಹ್ಯಾಂಗ ಮೂಡಣಕ್ಕ ಓಡಾಕತ್ತಾವ. ಓಡೋ ಮೋಡ ಸುರಿಯಂಗಿಲ್ಲ. ನಮ್ಮೂರಾಗ ಇಡೀ ಆಷಾಢ ಹಿಂಗ ಓಡ್ತಾವ, ಒಂದ್ ಹನಿ ಉದುರಿಸಂಗಿಲ್ಲ.”

ನಾನು ಒರೆಸಿದ ದೋಸೆ ಕಾವಲಿಯನ್ನೇ ಮತ್ತೆ ಒರೆಸತೊಡಗಿದೆ. ಕಾರಣ ಕೇಳಬೇಡಿ.

ರತ್ನಾವತಿ ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿ ಅದರ ಒಳಬದಿ ತೋರಿಸಿದಳು. ತೊಟತೊಟ ನೀರು!

“ಆವಿ ಮೇಲೆ ಹೋಯ್ತು, ತಣ್ಣಗಾಯ್ತು, ಹನಿ ಆಯ್ತು. ಸಮುದ್ರದ ಗಾಳಿಯೂ ಹೀಗೇ ಆವಿ ತುಂಬಿಕೊಂಡು ಬರ್ತದೆ. ಗುಡ್ಡ ಅಡ್ಡ ಬಂದರೆ ಹತ್ತಲೇಬೇಕು. ಹತ್ತಿದಷ್ಟೂ ತಣ್ಣಗಾಗ್ತದೆ. ಆಗ ಆವಿ ಕಣ್ಣಿಗೆ ಕಾಣದ ಧೂಳಿಗೆ ಅಂಟಿ ಸಣ್ಣ ಸಣ್ಣ ಹನಿ ಆಗ್ತದೆ. ಅದೇ ಮೋಡ. ಹನಿಗೆ ಹನಿ ಕೂಡಿ ಭಾರವಾದರೆ ಮಳೆ.”

“ಮತ್ತ ನಮ್ಮೂರಾಗ ಯಾಕಿಲ್ರಿ?”

“ಕಾಂಕ್ರೀಟ್ ತುಂಬಿದ ಘಮೇಲಾ ಬುಟ್ಟಿ ಹೊತ್ತು ಹತ್ತಿದ ಆಳು ಅದನ್ನು ಎಲ್ಲಿ ಸುರೀತಾನೆ?”

“ಮ್ಯಾಲ.”

“ಇಳಿಯುವಾಗ?”

“ಖಾಲಿ ಘಮೇಲಾ.”

“ಹಾಗೆಯೇ. ಸಹ್ಯಾದ್ರಿ ಹತ್ತುವಾಗ ನಮ್ಮ ಮೇಲೆ ಸುರೀತದೆ. ಆಚೆ ಇಳಿದು ನಿಮ್ಮೂರಿಗೆ ಬರುವ ಹೊತ್ತಿಗೆ ಹೆಚ್ಚಿನದು ಖಾಲಿ.”

ಮಾಪಣ್ಣ ನಕ್ಕ. ಆದರೆ ಬಿಡಲಿಲ್ಲ. “ಹೋದ ವಾರ ಮಳಿ ಅಂದ್ರು. ಇದೇ ಜಿಲ್ಲಾದ ಠಾಕುರ್ಲ್ಯಾಗ ಸುರೀತು, ಇಲ್ಲಿ ನೆಲಾನೂ ಹಸಿ ಆಗ್ಲಿಲ್ಲ!”

“ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ, ನಿನ್ನ ಒಂದು ಸ್ಲ್ಯಾಬಿಗೆ ಅಲ್ಲ. ತಪ್ಪುವುದೂ ಉಂಟು. ಆದರೆ ಹಸಿ ಕಾಂಕ್ರೀಟಿನ ಮೇಲೆ ಜೋರು ಮಳೆ ಬಿದ್ದರೆ ಸಿಮೆಂಟೇ ತೊಳೆದು ಹೋಗ್ತದೆ. ಮಂಗಳವಾರಕ್ಕೆ ಹಸಿರು ಬಣ್ಣ ಉಂಟು, ಅಂದರೆ ಎಚ್ಚರಿಕೆ ಏನೂ ಇಲ್ಲ. ಕಾಯಬಾರದಾ?”

“ಆಳುಗೋಳು ನಗ್ತಾರ್ರಿ.”

ಮಾನಮ್ಮ ಗ್ಲಾಸು ಕುಕ್ಕಿದಳು. “ನಗಲಿ! ಬೇಕಾದ್ರ ನೀ ಹಾಕು. ನಾ ನಾಳೆ ಒಂದ್ ಘಮೇಲಾನೂ ಎತ್ತಂಗಿಲ್ಲ.”

ಮಾಪಣ್ಣ ಫೋನ್ ತೆಗೆದು, ನಾಳೆ ಬೇಡ, ಮಂಗಳವಾರ ಬನ್ನಿ ಎಂದು ಆಳುಗಳಿಗೆ ಒಬ್ಬೊಬ್ಬರಿಗೇ ಹೇಳತೊಡಗಿದ.

ಭಾನುವಾರ ಹನ್ನೊಂದರ ತನಕ ಸುಡುಬಿಸಿಲು! ಮಾಪಣ್ಣ ಕ್ಯಾಂಟೀನಿನ ಮುಂದೆ ಹುಲಿಯ ಹಾಗೆ ತಿರುಗಿದ. “ಅಕ್ಕಾರ, ಇಷ್ಟೊತ್ತಿಗೆ ಅರ್ಧ ಸ್ಲ್ಯಾಬ್ ಆಗಿರ್ತಿತ್ತು!”

ಹನ್ನೆರಡೂವರೆಗೆ ಗುಡ್ಡವೇ ಮಾಯ. ಸುರಿಯಿತು ನೋಡಿ! ಒಂದೊಂದು ಹನಿ ತೆಂಗಿನಕಾಯಿಯಷ್ಟು. ಮಾಪಣ್ಣ ರಸ್ತೆ ಮಧ್ಯೆ ತೊಯ್ದು ನಿಂತು ಕುಣಿದ. “ಏ ಮಾನೀ! ಅರ್ಧ ಸ್ಲ್ಯಾಬ್ ತೊಳಕೊಂಡು ಹೋಗ್ತಿತ್ತಲೇ! ಉಳೀತು! ಉಳೀತು!”

ಮಂಗಳವಾರ ಬೆಳಿಗ್ಗೆ ಮಾಪಣ್ಣ ತಾನೇ ಬಂದು ಮುನ್ಸೂಚನೆ ಕೇಳಿದ. ಸಣ್ಣ ಮಳೆಗೆಂದು ಟಾರ್ಪಾಲ್ ಸಿದ್ಧವಿಟ್ಟ. ಮಿಕ್ಸರ್ ಗುಡುಗಿತು. ಸಂಜೆಗೆ ಸ್ಲ್ಯಾಬ್ ಮುಗಿದು ಎಲ್ಲರ ಕೈಯಲ್ಲಿ ಜಿಲೇಬಿ. ಇದೇ ಸಮಯವೆಂದು ನಾನು ಬೆಂಚು ಹತ್ತಿ, ಆ ದಿನವಿಡೀ ಮೋಡ ಕಟ್ಟಿದ ಸಾಹಸ ಹೇಳತೊಡಗಿದೆ.

ಮಾನಮ್ಮ ಜಿಲೇಬಿ ಬಾಯಿಗಿಡದೆ ಕೇಳಿದಳು: “ದೇಜಪ್ಪಣ್ಣಾರ, ‘ನಾನು ಕಾಪು ಕಡಲ ಬದಿಯಲ್ಲಿ ಹುಟ್ಟಿದವ, ಭಾನುವಾರ ಮಳೆ ಇಲ್ಲ, ಧೈರ್ಯವಾಗಿ ಹಾಕು’ ಅಂತ ಶನಿವಾರ ಮುಂಜಾನಿ ನಮ್ಮ ಯಜಮಾನ್ರಿಗೆ ಹೇಳ್ದವ್ರು ಯಾರ್ರೀ?”

ಮೂವತ್ತು ಜನ ನನ್ನತ್ತ ತಿರುಗಿದರು. ರತ್ನಾವತಿ ಸೊಂಟಕ್ಕೆ ಕೈ ಕೊಟ್ಟಳು. “ಓಹೋ! ಅದು ನೀವಾ?”

ಹೌದು ಮಾರಾಯ್ರೆ, ನಾನೇ. ಮೋಡ ಕಟ್ಟಿದ್ದೆಲ್ಲ ಸುಳ್ಳು. ದೋಸೆ ಹೊಯ್ಯುತ್ತಾ, ಆಕಾಶ ಕೂಡ ನೋಡದೆ ಹೇಳಿಬಿಟ್ಟಿದ್ದೆ. ಅದನ್ನು ನಂಬಿಯೇ ಅವನು ಆಳು ಕರೆದದ್ದು. ಭಾನುವಾರ ಮಳೆ ಸುರಿದಾಗ ನಾನು ಅಕ್ಕಿಮೂಟೆಯ ಹಿಂದೆ ಅಡಗಿ ಕೂತಿದ್ದೆ. ನನ್ನ ಮಾತು ಕೇಳಿದ್ದರೆ ಮಾಪಣ್ಣನ ಮೊದಲ ಸ್ಲ್ಯಾಬೇ ಕೊನೆಯ ಸ್ಲ್ಯಾಬ್ ಆಗುತ್ತಿತ್ತು.

ಆದ್ದರಿಂದ ಅಣ್ಣಂದಿರೇ, ಅಕ್ಕಂದಿರೇ, ಸ್ಲ್ಯಾಬ್ ಇರಲಿ, ಮದುವೆಯ ಚಪ್ಪರ ಇರಲಿ, ಮೊದಲು ನಿಮ್ಮ ಜಿಲ್ಲೆಯ ಮುನ್ಸೂಚನೆ ನೋಡಿ. ಹಳದಿ ಕಂಡರೆ ಗಮನವಿಡಿ, ಕಿತ್ತಳೆ ಕಂಡರೆ ಸಿದ್ಧರಾಗಿ, ಕೆಂಪು ಕಂಡರೆ ಸುರಕ್ಷಿತ ಜಾಗ ಸೇರಿ ಅಲ್ಲೇ ಇರಿ. ಓದಲು ಬಾರದಿದ್ದರೆ ಓದಬಲ್ಲವರನ್ನು ಕೇಳಿ.

ನನ್ನನ್ನು ಮಾತ್ರ ಕೇಳಬೇಡಿ.